ಸವಳು ನೆಲದಲ್ಲಿ ನೆಟ್ಟ ಗಿಡ ಸಾಯುತ್ತಿದೆಯಾ? ಲಕ್ಷಣ ನೋಡಿ ಕಾರಣ ಹಿಡಿಯುವುದು ಹೀಗೆ

ಮೊದಲ ವರ್ಷ ನಾನು 120 ಹೊಂಗೆ ಸಸಿ ನೆಟ್ಟಿದ್ದೆ. ಬೇಸಿಗೆ ಮುಗಿಯುವಷ್ಟರಲ್ಲಿ ಉಳಿದದ್ದು 18. ನರ್ಸರಿಯವನನ್ನು ಬೈದುಕೊಂಡು ಮರುವರ್ಷ ಬೇವು ತಂದೆ. ಅದೂ ಹೋಯಿತು. ಮೂರನೇ ವರ್ಷ ಸಸಿ ತರುವ ಮೊದಲು ಹೊಲದ ಎರಡು ಕಡೆ ತಗ್ಗು ತೋಡಿ ನೋಡಿದೆ. ಕಾಲುವೆ ಕಡೆಯ ತಗ್ಗಿನಲ್ಲಿ ಮೂರು ಅಡಿಗೇ ನೀರು ಜಿನುಗಿತು. ಮೇಲಿನ ಮೂಲೆಯಲ್ಲಿ ಹಿಂದಿನ ವಾರ ಬಿಟ್ಟ ನೀರು ಒಂದು ಗೇಣು ಕೂಡ ಇಳಿದಿರಲಿಲ್ಲ. ಅದರ ಕೆಳಗೆ ಮಣ್ಣು ಒಣಗಿ ಕಲ್ಲಾಗಿತ್ತು. ಒಂದೇ ಹೊಲ, ಎರಡು ರೋಗ. ನಾನು ಎರಡಕ್ಕೂ ಒಂದೇ ಹೆಸರಿಟ್ಟಿದ್ದೆ: ಸವಳು.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ, ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ, ಹಾಳಾದ ನೆಲಕ್ಕೆಲ್ಲ ಹೆಚ್ಚುಕಡಿಮೆ ಇದೇ ಹೆಸರು. 1953ರಲ್ಲಿ ಅಣೆಕಟ್ಟೆ ಮುಗಿದು ಕಾಲುವೆಗೆ ನೀರು ಬಂತು. ಯೋಜನೆ ಮಾಡಿದವರು ಹೆಚ್ಚಿನ ನೆಲಕ್ಕೆ ಕಡಿಮೆ ನೀರಿನ ಬೆಳೆ ಎಂದು ಬರೆದಿದ್ದರು. ನಾವು ಭತ್ತ ಹಚ್ಚಿದೆವು. ಎರೆ ನೆಲದಲ್ಲಿ ನೀರು ಬಸಿಯಲು ದಾರಿ ಇರಲಿಲ್ಲ. ಒಳಗಿನ ನೀರು ಮೇಲೇರಿತು, ಬರುವಾಗ ಉಪ್ಪನ್ನೂ ಹೊತ್ತು ತಂತು.

ಗಿಡ ಸಾಯುವುದಕ್ಕೆ ಕಾರಣ ಮೂರು. ಇಲ್ಲಿ ಮೂರನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತೇನೆ. ಕರಗುವ ಉಪ್ಪು ಜಾಸ್ತಿ ಇದ್ದರೆ ಸವಳು. ಸೋಡಿಯಂ ಮಣ್ಣಿಗೇ ಅಂಟಿಕೊಂಡು ಕ್ಷಾರ ಏರಿದ್ದರೆ ಕರ್ಲು. ಬೇರಿನ ಬುಡದಲ್ಲಿ ನೀರು ನಿಂತಿದ್ದರೆ ಜವಳು. ಒಂದರ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಕೆಲವು ಸಲ ಕೇಡೇ ಆಗುತ್ತದೆ.

ಎಲ್ಲಕ್ಕಿಂತ ಮೊದಲು: ಖರ್ಚಿಲ್ಲದ ಮೂರು ಪರೀಕ್ಷೆ

ಒಂದು ಹಾಳೆ ತೆಗೆದುಕೊಂಡು ಹೊಲದ ನಕ್ಷೆ ಬರೆಯಿರಿ. ಸತ್ತ ಸಸಿಗೆ ಅಡ್ಡಗೀಟು, ಬದುಕಿದ್ದಕ್ಕೆ ಸೊನ್ನೆ. ಅಡ್ಡಗೀಟುಗಳು ಕಾಲುವೆ ಪಕ್ಕ ಅಥವಾ ತಗ್ಗಿನಲ್ಲಿ ಗುಂಪಾಗಿದ್ದರೆ ನೀರಿನ ಮೇಲೆ ಅನುಮಾನ ಪಡಿ. ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿದ್ದರೆ ಕರ್ಲು ಇರಬಹುದು. ಹೊಲದ ತುಂಬ ಚೆದುರಿದ್ದರೆ ಸಸಿ, ಗೆದ್ದಲು, ದನ, ನೀರು ಕೊಡುವ ರೀತಿ ಇವನ್ನೂ ನೋಡಬೇಕು. ಎಲ್ಲ ಸಾವನ್ನೂ ಉಪ್ಪಿನ ತಲೆಗೆ ಕಟ್ಟಬೇಡಿ.

ಎರಡನೆಯದು ಹೆಂಟೆ ಪರೀಕ್ಷೆ. ಒಂದು ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಆರ್‌ಓ ನೀರು ತೆಗೆದುಕೊಳ್ಳಿ. ಬೋರಿನ ನೀರು ಬೇಡ, ಅದರ ಉಪ್ಪೇ ಪರೀಕ್ಷೆ ಕೆಡಿಸುತ್ತದೆ. ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಮೆಲ್ಲಗೆ ಒಳಗೆ ಬಿಡಿ. ಕಲಕಬೇಡಿ. ಎರಡು ತಾಸು ಸುಮ್ನೆ ಬಿಡಿ. ಹೆಂಟೆ ಕುಸಿದು ನೀರು ತಿಳಿಯಾಗೇ ಇದ್ದರೆ ಕರ್ಲು ಇರುವ ಸಾಧ್ಯತೆ ಕಡಿಮೆ. ಹೆಂಟೆ ಸುತ್ತ ಹಾಲು ಬೆರೆಸಿದಂತೆ ಮೋಡ ಕಟ್ಟಿದರೆ ಅದು ಕರ್ಲು. ಸೋಡಿಯಂ ಇದ್ದಾಗ ಜೇಡಿಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ, ನೀರಿನಲ್ಲಿ ತೇಲಿಬಿಡುತ್ತವೆ. ಇಲ್ಲೊಂದು ಮೋಸ ಇದೆ. ಮಣ್ಣಿನಲ್ಲಿ ಸೋಡಿಯಮ್ಮೂ ಇದ್ದು ಉಪ್ಪೂ ಜಾಸ್ತಿ ಇದ್ದರೆ ಮೊದಲ ಸಲ ನೀರು ತಿಳಿಯಾಗೇ ಕಾಣುತ್ತದೆ. ಆ ನೀರನ್ನು ಮೆಲ್ಲಗೆ ಬಸಿದು ಹೊಸ ಮಳೆನೀರು ಹಾಕಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೂ ತಿಳಿಯಾಗಿದ್ದರೆ ನಂಬಬಹುದು.

ಮೂರನೆಯದು ಕೊಳವೆ. ಎರಡು ಮೀಟರ್ ಉದ್ದದ ಪಿವಿಸಿ ಪೈಪಿಗೆ ಕೆಳಭಾಗದಲ್ಲಿ ಸಣ್ಣ ತೂತು ಕೊರೆದು ನೆಲಕ್ಕೆ ಇಳಿಸಿ. ಮೇಲೆ ಮುಚ್ಚಳ ಹಾಕಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ನೀರು ಎಷ್ಟು ಆಳದಲ್ಲಿದೆ ಎಂದು ಗೊತ್ತಾಗುತ್ತದೆ. ಕಾಲುವೆ ನಡೆಯುವಾಗ ಒಮ್ಮೆ, ನಿಂತ ಮೇಲೆ ಒಮ್ಮೆ ನೋಡಿ ಬರೆದಿಡಿ. ಎರೆ ನೆಲದಲ್ಲಿ ನೀರು ಒಂದೂವರೆ ಮೀಟರಿಗಿಂತ ಮೇಲಿದ್ದರೆ ಬೇಸಿಗೆಯಲ್ಲಿ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಉಪ್ಪುನೀರು ಮೇಲೇರುತ್ತಲೇ ಇರುತ್ತದೆ.

ಲಕ್ಷಣ: ನೆಲದ ಮೇಲೆ ಬಿಳಿ ಪುಡಿ, ಎಲೆ ತುದಿ ಸುಟ್ಟಂತಿದೆ

ಚಳಿಗಾಲ ಕಳೆದು ಬಿಸಿಲು ಏರುವಾಗ ಹೊಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಕಾಲಿಟ್ಟರೆ ಮಣ್ಣು ಮೆತ್ತಗೆ, ಹಿಟ್ಟಿನಂತೆ ಇರುತ್ತದೆ. ಹಳೆಯ ಎಲೆಗಳ ತುದಿ, ಅಂಚು ಕಂದಾಗಿ ಒಣಗುತ್ತವೆ. ಮಣ್ಣಿನಲ್ಲಿ ತೇವ ಇದ್ದರೂ ಸಸಿ ಬಾಯಾರಿದಂತೆ ಕಾಣುತ್ತದೆ. ಇದು ಸವಳು. ಮಣ್ಣಿನ ನೀರು ಬೇರಿನೊಳಗಿನ ರಸಕ್ಕಿಂತ ಉಪ್ಪಾದರೆ ಬೇರು ಆ ನೀರನ್ನು ಎಳೆಯಲಾರದು.

ಮೊದಲು ನೋಡಬೇಕಾದ್ದು ಸಸಿ ಎಲ್ಲಿ ಕೂತಿದೆ ಎಂದು. ಏರಿ ಮಾಡಿ ಏರಿಯ ನೆತ್ತಿಯಲ್ಲಿ ನೆಟ್ಟಿದ್ದೀರಾ? ಸಾಲಿನಲ್ಲಿ ನೀರು ಬಿಟ್ಟರೆ ಉಪ್ಪು ಎರಡೂ ಬದಿಯಿಂದ ಹತ್ತಿ ನೆತ್ತಿಗೇ ಬಂದು ಕೂರುತ್ತದೆ. ಅಂದರೆ ಸಸಿಯನ್ನು ಉಪ್ಪಿನ ಡಬ್ಬಿಯಲ್ಲೇ ಇಟ್ಟ ಹಾಗಾಯಿತು. ಮಳೆಗಾಲದಲ್ಲಿ ನೀರು ನಿಲ್ಲದ ಜಾಗವಾದರೆ ಸಾಲಿನ ತಳದಲ್ಲೇ ನೆಡಿ, ಅದೇ ಸಾಲಿನಲ್ಲಿ ನೀರು ಬಿಡಿ. ನೀರು ಉಪ್ಪನ್ನು ಬದಿಗೆ ತಳ್ಳುತ್ತದೆ. ನೀರು ನಿಲ್ಲುವ ಜಾಗವಾದರೆ ಏರಿ ಬೇಕೇ ಬೇಕು. ಆಗ ನೆತ್ತಿ ಬಿಟ್ಟು ಏರಿಯ ಹೆಗಲಿನಲ್ಲಿ ನೆಡಿ.

ಡ್ರಿಪ್ ಇದ್ದವರಿಗೆ ಒಂದು ಮಾತು. ತೊಟ್ಟಿಕ್ಕುವ ಜಾಗದ ಸುತ್ತ ತೇವ ಮುಗಿಯುವ ಅಂಚಿನಲ್ಲಿ ಉಪ್ಪು ಉಂಗುರದಂತೆ ಕೂಡಿರುತ್ತದೆ. ಮೊದಲ ಸಣ್ಣ ಮಳೆ ಬಂದಾಗ, “ಮಳೆ ಬಂತಲ್ಲ” ಎಂದು ಡ್ರಿಪ್ ನಿಲ್ಲಿಸುತ್ತೇವೆ ಅಲ್ವಾ? ಆ ನಾಲ್ಕು ಹನಿ ಉಂಗುರದ ಉಪ್ಪನ್ನು ಕರಗಿಸಿ ಬೇರಿನ ಕಡೆಗೇ ಕಳಿಸುತ್ತದೆ. ಮಳೆ ಬಂದ ಮರುದಿನ ಗಿಡ ಬಾಡುವ ಒಗಟು ಇದೇ. ದೊಡ್ಡ ಮಳೆ ಹಿಡಿಯುವ ತನಕ ಡ್ರಿಪ್ ನಡೆಯಲಿ.

ಇಷ್ಟು ಸರಿಪಡಿಸಿದ ಮೇಲೂ ಬಿಳಿ ಪುಡಿ ಹೋಗದಿದ್ದರೆ ಉಪ್ಪನ್ನು ತೊಳೆಯಬೇಕು. ಸಿಹಿನೀರು ನಿಲ್ಲಿಸಿ ಕೆಳಕ್ಕೆ ಇಳಿಸಬೇಕು, ಇಳಿದದ್ದು ಬಸಿಗಾಲುವೆಗೆ ಹೋಗಬೇಕು. ಬಸಿಗಾಲುವೆ ಇಲ್ಲದೆ ತೊಳೆದರೆ ಜವಳು ತಂದುಕೊಂಡ ಹಾಗೆ. ಹೆಂಟೆ ಪರೀಕ್ಷೆಯಲ್ಲಿ ಎರಡನೇ ಸಲಕ್ಕೆ ಹಾಲು ಕಂಡವರು ಜಿಪ್ಸಂ (ಕ್ಯಾಲ್ಸಿಯಂ ಇರುವ ಖನಿಜದ ಪುಡಿ) ಇಲ್ಲದೆ ತೊಳೆಯಲೇಬೇಡಿ. ಉಪ್ಪು ಹೋಗಿ ಸೋಡಿಯಂ ಉಳಿದರೆ ನೆಲ ಮುಚ್ಚಿಕೊಂಡು ಮೊದಲಿಗಿಂತ ಕೆಟ್ಟದಾಗುತ್ತದೆ.

ಲಕ್ಷಣ: ನೀರು ಇಂಗುವುದೇ ಇಲ್ಲ, ನಿಂತ ನೀರು ಚಹಾದ ಬಣ್ಣ

ಸಸಿಯ ಬುಡಕ್ಕೆ ಒಂದು ಕೊಡ ನೀರು ಹಾಕಿ ಮರುದಿನ ಬಂದರೂ ಅರ್ಧ ಹಾಗೇ ಇರುತ್ತದೆ. ನೀರು ರಾಡಿ ಅಥವಾ ಕಂದು. ಒಣಗಿದ ಮೇಲೆ ಮೇಲ್ಪದರ ಕಪ್ಪಾಗಿ ಬಿರಿದು ಚಕ್ಕೆ ಏಳುತ್ತದೆ. ಕ್ಷಾರಕ್ಕೆ ಮಣ್ಣಿನ ಸಾರವೇ ಕರಗಿ ಮೇಲೆ ಬರುವುದರಿಂದ ಈ ಕಪ್ಪು. ಹಸಿ ಇದ್ದಾಗ ಕಾಲಿಗೆ ಸಾಬೂನಿನಂತೆ ಜಾರುತ್ತದೆ, ಒಣಗಿದರೆ ಗುದ್ದಲಿ ಹಾರುತ್ತದೆ. ಇದು ಕರ್ಲು. ಲ್ಯಾಬಿನವರ ಲೆಕ್ಕದಲ್ಲಿ ಪಿಎಚ್ 8.5ಕ್ಕಿಂತ ಮೇಲೆ, ಮಣ್ಣಿಗೆ ಅಂಟಿದ ಸೋಡಿಯಂ ನೂರಕ್ಕೆ 15ಕ್ಕಿಂತ ಜಾಸ್ತಿ.

ಇಲ್ಲಿ ಹೆಚ್ಚು ನೀರು ಕೊಟ್ಟರೆ ಉಪಯೋಗವಿಲ್ಲ. ಬೂದಿ, ಸುಣ್ಣ ಹಾಕುವವರನ್ನೂ ನೋಡಿದ್ದೇನೆ. ಎರಡೂ ಕ್ಷಾರವೇ, ಬೆಂಕಿಗೆ ತುಪ್ಪ ಸುರಿದ ಹಾಗೆ. ಬೇಕಾದ್ದು ಜಿಪ್ಸಂ. ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಜಾಗ ಬಿಡಿಸುತ್ತದೆ. ಬಿಟ್ಟ ಸೋಡಿಯಂ ನೀರಿನ ಜೊತೆ ಕೆಳಗೆ ಹೋಗಬೇಕು. ಬರೀ ಸವಳು ಇದ್ದು ಕರ್ಲು ಇಲ್ಲದ ನೆಲಕ್ಕೆ ಜಿಪ್ಸಂ ಹಾಕಿದರೆ ದುಡ್ಡು ದಂಡ.

ಮರಕ್ಕೆ ಇಡೀ ಹೊಲ ಸರಿಮಾಡಬೇಕಿಲ್ಲ, ಬೇರು ಇಳಿಯುವ ದಾರಿ ಸರಿ ಮಾಡಿದರೆ ಸಾಕು. ಹರಿಯಾಣದ ಕರ್ನಾಲ್‌ನಲ್ಲಿ 1969ರಿಂದ ಇರುವ ಕೇಂದ್ರ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯವರು ತೋರಿಸಿಕೊಟ್ಟ ಪದ್ಧತಿ ಇದು. ಟ್ರ್ಯಾಕ್ಟರಿನ ಬೈರಿಗೆಯಿಂದ 15ರಿಂದ 20 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರಿಗಿಂತ ಹೆಚ್ಚು ಆಳದ ತೂತು ಕೊರೆಯುತ್ತಾರೆ. ತೆಗೆದ ಮಣ್ಣಿಗೇ ಸುಮಾರು 3 ಕಿಲೋ ಜಿಪ್ಸಂ, 8 ಕಿಲೋ ತಿಪ್ಪೆಗೊಬ್ಬರ ಬೆರೆಸಿ ತುಂಬುತ್ತಾರೆ. ಗಂಗಾ ಬಯಲಿನಲ್ಲಿ ನೆಲದಡಿ ಸುಣ್ಣದ ಹರಳಿನ ಗಟ್ಟಿ ಪದರ ಇರುತ್ತದೆ. ತೂತು ಅದನ್ನು ದಾಟುವುದರಿಂದ ಬೇರಿಗೆ ದಾರಿ ಸಿಗುತ್ತದೆ.

ನಮ್ಮ ಎರೆ ನೆಲದಲ್ಲಿ ಇದನ್ನು ಹಾಗೇ ನಕಲು ಮಾಡಬೇಡಿ. ಎರೆಮಣ್ಣು ಹಸಿಯಾದಾಗ ಉಬ್ಬಿ ತೂತಿನ ಗೋಡೆ ಮುಚ್ಚಿಬಿಡುತ್ತದೆ. ಬೈರಿಗೆ ಒದ್ದೆ ಮಣ್ಣನ್ನು ಉಜ್ಜಿ ಮಡಕೆಯ ಒಳಮೈ ಹಾಗೆ ನುಣುಪು ಮಾಡುತ್ತದೆ. ಆಮೇಲೆ ನೀರು ತೂತಿನಲ್ಲೇ ನಿಂತು ಬೇರು ಕೊಳೆಯುತ್ತದೆ. ಮಣ್ಣು ಒಣಗಿ ಬಿರುಕು ಬಿಟ್ಟ ಬೇಸಿಗೆಯಲ್ಲೇ ಕೊರೆಯಿಸಿ. ಗೋಡೆ ನುಣುಪಾಗಿದ್ದರೆ ಕಬ್ಬಿಣದ ಸಲಾಕೆಯಿಂದ ಕೆರೆದು ಒರಟು ಮಾಡಿ. ತುಂಬಿ ಒಂದೆರಡು ಸಲ ನೀರು ಕೊಟ್ಟು, ಇಳಿಯಿತಾ ನೋಡಿ, ಆಮೇಲೆ ಸಸಿ ಇಡಿ.

ಲಕ್ಷಣ: ಮಣ್ಣು ಹಸಿ, ಗಿಡ ಬಾಡಿದೆ

ಎಲೆ ಮೇಲಿಂದ ಕೆಳಗಿನವರೆಗೂ ಒಂದೇ ಸಮ ಹಳದಿ. ಸಸಿ ಕಿತ್ತರೆ ಸುಲಭಕ್ಕೆ ಬರುತ್ತದೆ, ಬೇರಿನ ತೊಗಟೆ ಬೆರಳಿಗೆ ಜಾರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಇದು ಜವಳು. ನೀರು ಕಡಿಮೆಯಾಯಿತೇನೋ ಎಂದು ಇನ್ನೊಂದು ಕೊಡ ಸುರಿದರೆ ಕತೆ ಮುಗಿಯಿತು.

ಮೊದಲು ನೀರು ನಿಲ್ಲಿಸಿ. ಗುಂಡಿಯ ಬುಡ ಸುತ್ತಲಿನ ನೆಲಕ್ಕಿಂತ ತಗ್ಗಿದ್ದರೆ ಮಣ್ಣು ಏರಿಸಿ. ಪೈಪಿನಲ್ಲಿ ನೀರಿನ ಮಟ್ಟ ನೋಡಿ. ಕಾಲುವೆ ನಿಂತಾಗ ಇಳಿದು, ಕಾಲುವೆ ಬಂದಾಗ ಏರಿದರೆ ಕಾಲುವೆಯ ಅಥವಾ ಮೇಲಿನ ಗದ್ದೆಯ ಬಸಿನೀರು ಬರುತ್ತಿದೆ. ಅದಕ್ಕೆ ಅಡ್ಡವಾಗಿ ಹೊಲದ ಮೇಲಂಚಿನಲ್ಲಿ ಒಂದು ಬಸಿಗಾಲುವೆ ತೋಡಿದರೆ ಎಷ್ಟೋ ಸಲ ಸಾಕಾಗುತ್ತದೆ. ಮಟ್ಟ ವರ್ಷವಿಡೀ ಮೇಲೇ ಇದ್ದರೆ ಇದು ಒಬ್ಬರ ಹೊಲದ ಕೆಲಸ ಅಲ್ಲ.

ಲಕ್ಷಣ: ಹೊಸ ಎಲೆ ಮಾತ್ರ ಹಳದಿ, ನರ ಹಸಿರು

ಇದನ್ನು ನೋಡಿ ಗಾಬರಿ ಬೇಡ. ಕ್ಷಾರದ ನೆಲದಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಒಂದಿಷ್ಟು ನಿಂಬೆರಸ ಸೇರಿಸಿ ಸಂಜೆ ಸಿಂಪಡಿಸಿ. ಎಲೆ ಹಸಿರಾದರೆ ಕಾರಣ ಸಿಕ್ಕಿತು. ಎಲೆ ಸಣ್ಣದಾಗಿ ಗೊಂಚಲು ಕಟ್ಟಿದ್ದರೆ ಸತುವಿನ ಕೊರತೆ ಇರಬಹುದು. ಮೇಲ್ಮಣ್ಣಿಗೆ ಯೂರಿಯಾ ಎರಚಬೇಡಿ, ಕ್ಷಾರಕ್ಕೆ ಅದು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಲಕ್ಷಣ: ಎರಡು ವರ್ಷ ಚೆನ್ನಾಗಿ ಬಂತು, ಆಮೇಲೆ ನಿಂತುಬಿಟ್ಟಿತು

ಗುಂಡಿಗೆ ಒಳ್ಳೆಯ ಮಣ್ಣು, ಗೊಬ್ಬರ ತುಂಬಿದ್ದೀರಿ. ಬೇರು ಆ ಗುಂಡಿಯೊಳಗೇ ಸುತ್ತಿಕೊಂಡು ಬೆಳೆದಿದೆ. ಗೋಡೆ ದಾಟುವ ಹೊತ್ತಿಗೆ ಹಳೆಯ ಕರ್ಲು ಎದುರಾಗಿದೆ. ಒಂದು ಗಿಡದ ಬದಿಯಲ್ಲಿ ಅಗೆದು ಬೇರಿನ ತುದಿ ನೋಡಿ. ಗುಂಡಿಯ ಅಂಚಿನಲ್ಲೇ ಬೇರು ಹೊರಳಿದ್ದರೆ ಗೋಡೆಯ ಆಚೆ ಎರಡು ಬದಿ ಸಲಾಕೆಯಿಂದ ತೂತು ಹೊಡೆದು ಜಿಪ್ಸಂ, ಗೊಬ್ಬರ ತುಂಬಿ. ಹೊರಗಿನ ಮಣ್ಣು ತಂದು ತುಂಬುವುದಕ್ಕಿಂತ ಅಲ್ಲಿನ ಮಣ್ಣನ್ನೇ ತಿದ್ದಿ ತುಂಬುವುದು ಮೇಲು ಎನ್ನುವುದು ಇದಕ್ಕೇ.

ಬೇರು ಸರಿ ಇದ್ದರೆ ಬೋರಿನ ನೀರಿನ ಮೇಲೆ ಕಣ್ಣಿಡಿ. ನೀರು ಕುಡಿಯಲು ಸಿಹಿಯಾಗಿದ್ದರೂ ಸೋಡಿಯಂ ಬೈಕಾರ್ಬೊನೇಟ್ ಇರಬಹುದು, ಅದು ವರ್ಷ ವರ್ಷಕ್ಕೂ ಮಣ್ಣನ್ನು ಕರ್ಲು ಮಾಡುತ್ತದೆ. ನೀರಿನ ಪರೀಕ್ಷೆಯಲ್ಲಿ ಉಳಿಕೆ ಸೋಡಿಯಂ ಕಾರ್ಬೊನೇಟ್ ಎಂಬ ಸಾಲು ನೋಡಿ. ಲೀಟರಿಗೆ 1.25 ಮಿಲಿ ಈಕ್ವಿವೆಲೆಂಟ್‌ವರೆಗೆ ಚಿಂತೆ ಇಲ್ಲ, 2.5 ದಾಟಿದರೆ ಆ ನೀರು ಹಾಗೇ ಬಳಸುವಂಥದ್ದಲ್ಲ.

ಲಕ್ಷಣ: ಕಾರ್ಡಿನಲ್ಲಿ ಎಲ್ಲ ಸರಿ ಇದೆ, ಗಿಡ ಮಾತ್ರ ಸಾಯುತ್ತಿದೆ

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಪಿಎಚ್ ಮತ್ತು ಇ.ಸಿ. ಅಂದರೆ ವಿದ್ಯುತ್ ವಾಹಕತೆ ಸೇರಿ 12 ಅಂಶ ಇರುತ್ತವೆ. ಪುಸ್ತಕದಲ್ಲಿ “ಇ.ಸಿ. 4 ದಾಟಿದರೆ ಸವಳು” ಎಂದು ಓದಿ, ಕಾರ್ಡಿನಲ್ಲಿ 1.4 ನೋಡಿ ಸಮಾಧಾನ ಪಟ್ಟುಕೊಂಡವರು ಬಹಳ ಜನ. ನಾನೂ ಅವರಲ್ಲಿ ಒಬ್ಬ. ಪುಸ್ತಕದ 4, ಮಣ್ಣನ್ನು ಕೆಸರಿನಂತೆ ಕಲಸಿ ಹಿಂಡಿದ ನೀರಿನ ಲೆಕ್ಕ. ಸಾಮಾನ್ಯ ಲ್ಯಾಬಿನಲ್ಲಿ ಒಂದು ಪಾಲು ಮಣ್ಣಿಗೆ ಎರಡು, ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ಸಾರಿಗೆ ನೀರು ಬೆರೆಸಿ ಉಪ್ಪು ನೋಡಿದ ಹಾಗೆ. ಕಾರ್ಡಿನಲ್ಲಿ 1 ದಾಟಿದರೇ ಎಚ್ಚರ ಬೇಕು.

ಇನ್ನೊಂದು, ಕಾರ್ಡಿಗೆ ತೆಗೆದ ಮಣ್ಣು ಮೇಲಿನ ಅರ್ಧ ಅಡಿಯದ್ದು. ಮರದ ಬೇರು ಅಲ್ಲಿ ನಿಲ್ಲುವುದಿಲ್ಲ. ಒಂದು ಮೀಟರ್‌ವರೆಗೆ ನಾಲ್ಕು ಪದರದಲ್ಲಿ ಬೇರೆ ಬೇರೆ ಚೀಲಕ್ಕೆ ಮಣ್ಣು ತೆಗೆಯಿರಿ. ಚೀಟಿಯ ಮೇಲೆ ಆಳ ಬರೆಯಿರಿ. “ಜಿಪ್ಸಂ ಎಷ್ಟು ಬೇಕು” ಎಂಬ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಮಾಡುವುದಿಲ್ಲ.

ಲಕ್ಷಣ: ಮರ ಬದುಕಿವೆ, ನೆಲ ಮಾತ್ರ ಸುಧಾರಿಸಿಲ್ಲ

ಮರ ಉಪ್ಪು ತಿಂದು ನೆಲ ಸ್ವಚ್ಛ ಮಾಡುತ್ತದೆ ಎಂಬ ನಂಬಿಕೆ ಇದೆ. ಮರ ಎಳೆಯುವುದು ಮುಖ್ಯವಾಗಿ ನೀರನ್ನು. ಉಪ್ಪಿನ ಬಹುಪಾಲು ಬೇರಿನ ಹೊರಗೇ ಉಳಿಯುತ್ತದೆ. ಹಾಗಾದರೆ ನೆಲ ಹೇಗೆ ತಿರುಗುತ್ತದೆ? ಬೇರು ಉಸಿರಾಡುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ನೀರಿನಲ್ಲಿ ಸೇರಿ ಹುಳಿಯಾಗುತ್ತದೆ. ಆ ಹುಳಿ ಮಣ್ಣಿನಲ್ಲಿರುವ ಸುಣ್ಣವನ್ನು ಮೆಲ್ಲಗೆ ಕರಗಿಸುತ್ತದೆ. ಕರಗಿ ಬಂದ ಕ್ಯಾಲ್ಸಿಯಂ ಜಿಪ್ಸಂ ಮಾಡುವ ಕೆಲಸವನ್ನೇ ಮಾಡುತ್ತದೆ. ನಿಮ್ಮ ಮಣ್ಣಿನಲ್ಲಿ ಸುಣ್ಣ ಇದೆಯಾ ನೋಡಲು ಒಣ ಪುಡಿಗೆ ನಿಂಬೆರಸ ಅಥವಾ ವಿನೆಗರ್ ಬಿಡಿ. ಗುಳ್ಳೆ ಎದ್ದರೆ, ಕಿವಿ ಹತ್ತಿರ ಹಿಡಿದರೆ ಸಣ್ಣ ಸದ್ದು ಕೇಳಿದರೆ, ಇದೆ. ಎರೆ ನೆಲದಲ್ಲಿ ಬಹುತೇಕ ಇದ್ದೇ ಇರುತ್ತದೆ. ಸತ್ತ ಬೇರಿನ ಜಾಗ ನೀರಿಗೆ ದಾರಿಯಾಗುತ್ತದೆ. ಬಿದ್ದ ಎಲೆ ನೆರಳಾಗಿ ಉಪ್ಪು ಮೇಲೇರುವುದನ್ನು ತಡೆಯುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ.

ಇದೆಲ್ಲ ನಡೆಯದಿರಲು ಸಾಮಾನ್ಯ ಕಾರಣ ಪೊರಕೆ. ಎಲೆ ಗುಡಿಸಿ ಸುಡುತ್ತಾರೆ, ಇಲ್ಲವೆ ದನ ಬಿಟ್ಟು ತುಳಿಸುತ್ತಾರೆ. ಎಲೆ ಅಲ್ಲೇ ಬಿಡಿ. ಮರದ ಮಧ್ಯೆ ಮಳೆಗಾಲದಲ್ಲಿ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹೂ ಬರುವ ಮೊದಲು ಮಣ್ಣಿಗೆ ಸೇರಿಸಿ. ಮರವೂ ಐದು, ಹತ್ತು ವರ್ಷದ ಲೆಕ್ಕ ಕೇಳುತ್ತದೆ. ಎರಡನೇ ವರ್ಷಕ್ಕೆ ಪಿಎಚ್ ಅಳೆದು ಬೇಜಾರಾಗಬೇಡಿ.

ಜವಳು ನೆಲದಲ್ಲಿ ನೀರು ಜಾಸ್ತಿ ಕುಡಿಯುವ ಮರ ಅಂತರ್ಜಲ ಇಳಿಸುವುದು ನಿಜ. ಆದರೆ ನೀರು ಕುಡಿದು ಉಪ್ಪು ಬಿಟ್ಟರೆ ಬೇರಿನ ಸುತ್ತಲೇ ಉಪ್ಪು ಕೂಡುತ್ತದೆ. ಜೊತೆಗೆ ಬಸಿಗಾಲುವೆ ಇರಲೇಬೇಕು. ನೀಲಗಿರಿಯ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ಈಗಿನ ನಿಯಮ ಕೇಳಿ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದಕ್ಕೆ ತಡೆ ಹಾಕಿತ್ತು.

ಗಿಡವೇ ತಪ್ಪಿರಬಹುದಾ?

ಇರಬಹುದು, ಆದರೆ ಇದು ಕೊನೆಯ ಅನುಮಾನ. ಕ್ಷಾರ ತೀರಾ ಜಾಸ್ತಿ ಇರುವ ಕಡೆ ಕರಿಜಾಲಿ ತಡೆಯುತ್ತದೆ. ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ಗಾಳಿಮರ, ಹೊಳೆಮತ್ತಿ, ಹೊಂಗೆ. ಬೇವು ಇವುಗಳಷ್ಟು ಗಟ್ಟಿ ಅಲ್ಲ, ನನ್ನ ಎರಡನೇ ವರ್ಷದ ತಪ್ಪು ಅದೇ. ಹಣ್ಣಿನಲ್ಲಿ ಬೋರೆ, ನೆಲ್ಲಿ, ಸೀಬೆ, ಸಪೋಟ ನೋಡಬಹುದು. ಮಾವು, ನಿಂಬೆ, ಪಪ್ಪಾಯಿ ಸದ್ಯಕ್ಕೆ ಬೇಡ. ಬಳ್ಳಾರಿ ಜಾಲಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ, ನಿಜ. ಆದರೆ ಅದನ್ನು ಆಮೇಲೆ ಹೊರಗೆ ಹಾಕುವವರು ಯಾರು? ಪಕ್ಕದ ಹೊಲದವರ ಶಾಪ ಬೇಡ ಎಂದರೆ ಅದರ ತಂಟೆಗೆ ಹೋಗಬೇಡಿ.

ಎಚ್ಚರಿಕೆ

ಹಿರಿಯರು ಮಣ್ಣನ್ನು ನಾಲಗೆಗೆ ಇಟ್ಟು ಉಪ್ಪು ನೋಡುತ್ತಿದ್ದರು. ಈಗ ಕಳೆನಾಶಕ, ಕೀಟನಾಶಕ ಬಿದ್ದ ಮಣ್ಣು, ಬಾಯಿಗೆ ಇಡಬೇಡಿ. ಸುಣ್ಣದ ಪರೀಕ್ಷೆಗೆ ಕಕ್ಕಸು ತೊಳೆಯುವ ಆಸಿಡ್ ತರಬೇಡಿ, ನಿಂಬೆಹಣ್ಣು ಸಾಕು. ಜಿಪ್ಸಂ, ಇಲ್ಲವೆ ಕರ್ಲಿಗೆ ಕೆಲವರು ಹಾಕುವ ಗಂಧಕದ ಪುಡಿ ಎರಚುವಾಗ ಮೂಗು ಬಾಯಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ. ಗಂಧಕದ ಹತ್ತಿರ ಬೀಡಿ ಹಚ್ಚಬೇಡಿ. ಎದೆಯುದ್ದದ ತಗ್ಗಿಗೆ ಒಬ್ಬರೇ ಇಳಿಯಬೇಡಿ, ಹಸಿ ಎರೆಮಣ್ಣಿನ ಗೋಡೆ ಹೇಳದೆ ಕೇಳದೆ ಕುಸಿಯುತ್ತದೆ. ಕೊರೆದ ತೂತನ್ನು ರಾತ್ರಿ ತೆರೆದಿಡಬೇಡಿ, ಮಕ್ಕಳು, ಕುರಿಮರಿ ಓಡಾಡುತ್ತವೆ. ಬಸಿಗಾಲುವೆಯ ಉಪ್ಪುನೀರನ್ನು ದನ ಕುಡಿಯದಂತೆ ನೋಡಿಕೊಳ್ಳಿ. ಜಾಲಿ ಮುಳ್ಳು ಆಳಕ್ಕೆ ಚುಚ್ಚಿದರೆ ತೊಳೆದು ಆಸ್ಪತ್ರೆಗೆ ಹೋಗಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ.

ಎಲ್ಲಿ ನಿಲ್ಲಿಸಿ, ಯಾರನ್ನು ಕೇಳಬೇಕು

ಪಿಎಚ್ 9.5ರ ಮೇಲೆ ಬಂದರೆ, ಪೈಪಿನಲ್ಲಿ ನೀರು ವರ್ಷವಿಡೀ ಒಂದು ಮೀಟರಿನೊಳಗೆ ನಿಂತರೆ, ಅಥವಾ ಇಷ್ಟೆಲ್ಲ ಮಾಡಿ ಎರಡನೇ ಸಲವೂ ಅರ್ಧಕ್ಕಿಂತ ಹೆಚ್ಚು ಸಸಿ ಹೋದರೆ ಹೊಸ ಸಸಿ ತರಬೇಡಿ. ಮೊದಲು ರೈತ ಸಂಪರ್ಕ ಕೇಂದ್ರ, ಆಮೇಲೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ. ನಮ್ಮ ಕಡೆಯವರಿಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದೆ, ಅಲ್ಲಿ ಸವಳು ಮಣ್ಣಿನ ಮೇಲೆಯೇ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ಹೋಗುವಾಗ ಬರಿಗೈಲಿ ಹೋಗಬೇಡಿ. ಅಡ್ಡಗೀಟಿನ ನಕ್ಷೆ, ಪೈಪಿನ ಅಳತೆ ಬರೆದ ಚೀಟಿ, ನಾಲ್ಕು ಪದರದ ಮಣ್ಣು, ಒಂದು ಬಾಟಲಿ ಬೋರಿನ ನೀರು, ಸತ್ತ ಸಸಿಯೊಂದನ್ನು ಬೇರು ಸಮೇತ ತೆಗೆದುಕೊಂಡು ಹೋಗಿ.

ನನ್ನ ಹೊಲದ ಮೇಲಿನ ಮೂಲೆಗೆ ಜಿಪ್ಸಂ ಹಾಕಿ ನೆಟ್ಟ ಹೊಂಗೆ ಈಗ ತಲೆಗಿಂತ ಎತ್ತರ ಇವೆ. ಕಾಲುವೆ ಕಡೆ ಮಾತ್ರ ನೆಡುವುದನ್ನೇ ಬಿಟ್ಟಿದ್ದೇನೆ. ಅಲ್ಲಿ ಬಸಿಗಾಲುವೆ ತೆಗೆಯಬೇಕೆಂದರೆ ಕೆಳಗಿನ ಮೂರು ಹೊಲ ದಾಟಬೇಕು. ಇಬ್ಬರು ಒಪ್ಪಿದ್ದಾರೆ, ಒಬ್ಬರ ಮನೆಗೆ ಈ ಅಮಾವಾಸ್ಯೆ ಕಳೆದ ಮೇಲೆ ಹೋಗಬೇಕು.